ಕಾಗದ ಇರುವ ಕಮಾರೋ, ಕಾಗದ ಇಲ್ಲದ ಕಮಾರೋ

ನನ್ನ ಹೊಟ್ಟೆಪಾಡು ಬ್ರೇಕ್. ಪಿಟ್ಸ್‌ಬರ್ಗ್ ಹತ್ತಿರ ಹದಿನೆಂಟು ವರ್ಷದಿಂದ ಲಾರಿಗಳ ಬ್ರೇಕ್ ಪರೀಕ್ಷೆ ಮಾಡುವುದೇ ಕೆಲಸ. ಹಾಗಾಗಿ ಯಾರ ಕಾರು ಹತ್ತಿದರೂ ಮೊದಲು ಕಾಲು ಹೋಗುವುದು ನಡುವಿನ ಪೆಡಲ್ ಮೇಲೆ. ಈ ವಿಮರ್ಶೆಯನ್ನೂ ಹಾಗೇ ಓದಿಕೊಳ್ಳಿ.

ಇಲ್ಲಿ ಎರಡು ಕಾರುಗಳಿವೆ, ಎರಡೂ 1969ರ ಶೆವರ್ಲೆ ಕಮಾರೋ. ಒಂದು ನನ್ನದು, ರೆಸ್ಟೋಮಾಡ್. ಅಂದರೆ ಹಳೇ ಬಾಡಿ ಉಳಿಸಿಕೊಂಡು ಒಳಗಿನದೆಲ್ಲ ಹೊಸದು ಹಾಕಿಸಿದ್ದು. ಇನ್ನೊಂದು ನಮ್ಮ ಬೀದಿಯಲ್ಲೇ ಇರುವ ನಿವೃತ್ತ ಮೆಕ್ಯಾನಿಕ್ ಒಬ್ಬರ ಯೆಂಕೋ ಕಮಾರೋ. ಇಲ್ಲಿಗೆ ಹತ್ತಿರದ ಕ್ಯಾನನ್ಸ್‌ಬರ್ಗ್‌ನಲ್ಲಿ ಡಾನ್ ಯೆಂಕೋ ಎಂಬ ರೇಸ್ ಚಾಲಕರು ಶೆವರ್ಲೆ ಡೀಲರ್ ಆಗಿದ್ದರು. ಅವರ ಅಂಗಡಿಯಿಂದ ಹೊರಬಿದ್ದ ಕಾರು ಇದು. ಕಳೆದ ತಿಂಗಳು ಒಂದು ಭಾನುವಾರ ನಾವಿಬ್ಬರೂ ಕೀಲಿ ಬದಲಾಯಿಸಿಕೊಂಡೆವು.

ಅವರ ಕಾರು ಚಾಲೂ ಮಾಡುವುದೇ ಒಂದು ವಿದ್ಯೆ. ಆಕ್ಸಿಲರೇಟರ್ ಎರಡು ಸಲ ತುಳಿಯಬೇಕು, ಆಮೇಲೆ ಕೀಲಿ ತಿರುಗಿಸಬೇಕು. ಮೂರನೇ ಸಲ ತುಳಿದರೆ ಪೆಟ್ರೋಲ್ ಜಾಸ್ತಿಯಾಗಿ ಹತ್ತು ನಿಮಿಷ ಕಾಯಬೇಕು. ನಾನು ಮೂರು ಸಲ ತುಳಿದೆ. ಅವರು ಏನೂ ಅನ್ನಲಿಲ್ಲ, ಮೆಟ್ಟಿಲ ಮೇಲೆ ಕೂತು ಕಾಫಿ ಮುಗಿಸಿದರು.

ಕೊನೆಗೆ ಹತ್ತಿಕೊಂಡಿತು. 427 ಕ್ಯೂಬಿಕ್ ಇಂಚಿನ ಎಂಜಿನ್, ನಮ್ಮ ಲೆಕ್ಕದಲ್ಲಿ ಏಳು ಲೀಟರ್. ವಾಲ್ವ್‌ಗಳು ಹೊಲಿಗೆ ಮಿಷನ್ ಹಾಗೆ ಟಪಟಪ ಅನ್ನುತ್ತವೆ. ಅದು ಕೆಟ್ಟಿದೆ ಅಂತ ಅಲ್ಲ, ಸಾಲಿಡ್ ಲಿಫ್ಟರ್, ಅಂದರೆ ವಾಲ್ವ್ ಎತ್ತುವ ಗಟ್ಟಿ ಲೋಹದ ತುಂಡು, ಇರುವ ಎಂಜಿನ್ನಿನ ಸದ್ದೇ ಅದು. ಆಗಾಗ ಫೀಲರ್ ಗೇಜ್ ಅನ್ನುವ ತೆಳು ಅಳತೆ ಪಟ್ಟಿ ಹಿಡಿದು ವಾಲ್ವ್ ಅಂತರ ಸರಿ ಮಾಡುತ್ತಿರಬೇಕು. ಕಂಪ್ರೆಷನ್, ಅಂದರೆ ಸಿಲಿಂಡರಿನಲ್ಲಿ ಗಾಳಿ-ಪೆಟ್ರೋಲ್ ಒತ್ತುವ ಪ್ರಮಾಣ, 11ಕ್ಕೆ 1. ಬಂಕಿನ ಪೆಟ್ರೋಲ್ ಇದಕ್ಕೆ ಸಾಲದು, ಅವರು ರೇಸಿಂಗ್ ಪೆಟ್ರೋಲ್ ಬೆರೆಸುತ್ತಾರೆ.

ಓಡಿಸಿದರೆ? ಹಳ್ಳಿ ರಸ್ತೆಯಲ್ಲಿ ಎರಡನೇ ಗೇರಿನಲ್ಲಿ ಪೂರ್ತಿ ತುಳಿದಾಗ ನನ್ನ ತಲೆ ಹಿಂದಕ್ಕೆ ಹೋಯಿತು. ಕತ್ತು ಹಿಡಿದುಕೊಂಡಿತು. ಆ ಎಳೆತ ಬರುವುದು ಅರ್ಧ ಎಂಜಿನ್ನಿನಿಂದ, ಇನ್ನರ್ಧ 4.10ರ ಹಿಂದಿನ ಆಕ್ಸಲ್‌ನಿಂದ, ಅಂದರೆ ಚಕ್ರ ಒಂದು ಸುತ್ತು ತಿರುಗಲು ಡ್ರೈವ್ ಶಾಫ್ಟ್ 4.10 ಸುತ್ತು ತಿರುಗಬೇಕು. ಅದಕ್ಕೆ ಬೆಲೆ ಹೆದ್ದಾರಿಯಲ್ಲಿ ಕೊಡಬೇಕು. ಗೇರು ನಾಲ್ಕೇ. ಗಂಟೆಗೆ 60 ಮೈಲಿಗೆ ಎಂಜಿನ್ 3,000 ಸುತ್ತು ದಾಟಿ ಕಿರುಚುತ್ತಿರುತ್ತದೆ. ಪಕ್ಕದಲ್ಲಿ ಕೂತವರ ಜೊತೆ ಮಾತಾಡುವ ಹಾಗಿಲ್ಲ. ಹಳೇ ನಮೂನೆಯ ಬಯಾಸ್ ಪ್ಲೈ ಟೈರು, ಎತ್ತಿನ ಗಾಡಿ ಜಾಡು ಹಿಡಿದ ಹಾಗೆ ರಸ್ತೆಯ ಗೀರು ಹಿಡಿದು ಹೋಗುತ್ತದೆ. ಸ್ಟೀರಿಂಗ್ ಸ್ವಲ್ಪ ತಿರುಗಿಸಿದರೆ ಕಾರು ಯೋಚನೆ ಮಾಡಿ ಆಮೇಲೆ ತಿರುಗುತ್ತದೆ.

ಇನ್ನು ಬ್ರೇಕ್. ಮುಂದೆ ಡಿಸ್ಕ್, ಹಿಂದೆ ಡ್ರಮ್. ಮೊದಲ ಸಲ ಜೋರಾಗಿ ಒತ್ತಿದಾಗ ಪರವಾಗಿಲ್ಲ ಅನ್ನಿಸಿತು. ಇಳಿಜಾರಿನಲ್ಲಿ ನಾಲ್ಕನೇ ಸಲ ಒತ್ತುವಾಗ ಪೆಡಲ್ ಮೆತ್ತಗಾಗಿತ್ತು, ಹಿಂದಿನ ಚಕ್ರ ಲಾಕ್ ಆಗಿ ಬಾಲ ಒಂದು ಕಡೆ ಎಳೆಯಿತು. ಇಷ್ಟು ಶಕ್ತಿಯ ಕಾರನ್ನು ಇಂಥ ಬ್ರೇಕ್ ಹಾಕಿ ಇಪ್ಪತ್ತು ವರ್ಷದ ಹುಡುಗರ ಕೈಗೆ ಕೊಟ್ಟರಲ್ಲ! ವಿಮಾ ಕಂಪನಿಗಳು ಮಸಲ್ ಕಾರುಗಳ, ಅಂದರೆ ಇಂಥ ದೊಡ್ಡ ಎಂಜಿನ್ನಿನ ಕಾರುಗಳ, ಪ್ರೀಮಿಯಂ ಏರಿಸಿದ್ದರಲ್ಲಿ ಆಶ್ಚರ್ಯ ಇಲ್ಲ.

ಅಲ್ಲಿಂದ ಬಂದು ನನ್ನ ಕಾರು ಹತ್ತಿದರೆ ಮನೆಗೆ ಬಂದ ಹಾಗೆ. ಎಂಜಿನ್ ಎಲ್‌ಎಸ್3, 6.2 ಲೀಟರ್, 430 ಅಶ್ವಶಕ್ತಿ, ಬ್ಲಾಕ್, ಹೆಡ್ ಎಲ್ಲ ಅಲ್ಯೂಮಿನಿಯಂ. ಟ್ರೆಮೆಕ್ ಕಂಪನಿಯ ಗೇರ್‌ಬಾಕ್ಸ್, ಆರು ಗೇರು. ನಾಲ್ಕೂ ಚಕ್ರಕ್ಕೆ ಡಿಸ್ಕ್. ಎಂಜಿನ್, ಮುಂದಿನ ಚಕ್ರ ಹೊರುವ ಸಬ್‌ಫ್ರೇಮ್ ಹೊಸದು, ಹಿಂದೆ ಲೀಫ್ ಸ್ಪ್ರಿಂಗ್ ಕಿತ್ತು ಕಾಯಿಲ್ ಸ್ಪ್ರಿಂಗ್ ಹಾಕಿದ್ದಾರೆ. ಎ.ಸಿ. ಇದೆ. ಗಂಟೆಗೆ 70 ಮೈಲಿಯಲ್ಲಿ ಹೋಗುವಾಗ ಆರನೇ ಗೇರಿನಲ್ಲಿ ಎಂಜಿನ್ 2,000 ಸುತ್ತೂ ಮುಟ್ಟುವುದಿಲ್ಲ. ನನ್ನ ಹೆಂಡತಿ ಅವರ ಕಾರಿನಲ್ಲಿ ಎರಡು ಮೈಲಿ ಬಂದು, “ರೀ, ಇದು ಕಾರೋ, ಹಿಟ್ಟಿನ ಗಿರಣಿಯೋ?” ಅಂದಳು. ನಮ್ಮದರಲ್ಲಿ ನಿದ್ದೆ ಮಾಡುತ್ತಾಳೆ.

ಒಂದು ಮಾತು. ಅವರ ಕಾರಿನ ಪತ್ರದಲ್ಲಿ 425 ಅಶ್ವಶಕ್ತಿ ಅಂತಿದೆ, ನನ್ನದು 430. ಐದೇ ವ್ಯತ್ಯಾಸ ಅಂದುಕೊಳ್ಳಬೇಡಿ. ಆಗಿನದು ಗ್ರಾಸ್ ಲೆಕ್ಕ: ಏರ್ ಕ್ಲೀನರ್, ಪೂರ್ತಿ ಸೈಲೆನ್ಸರ್ ಇಲ್ಲದೆ ಎಂಜಿನ್ನನ್ನು ಬೆಂಚಿನ ಮೇಲಿಟ್ಟು ಅಳೆದದ್ದು. 1972ರಿಂದ ಕಂಪನಿಗಳು ನೆಟ್ ಲೆಕ್ಕಕ್ಕೆ, ಅಂದರೆ ಅವನ್ನೆಲ್ಲ ಜೋಡಿಸಿ ಅಳೆಯುವುದಕ್ಕೆ, ಬಂದವು, ನನ್ನದು ಆ ಲೆಕ್ಕ.

ಇಷ್ಟು ಓದಿದವರು ರೆಸ್ಟೋಮಾಡ್ ಗೆದ್ದಿತು ಅನ್ನಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಎರಡು ವರ್ಷದ ಅನುಭವ ಹೇಳಲೇಬೇಕು.

ಈ ಕಾರು ಮಾಡಿಸಿದವರು ಬೇರೆಯವರು. ಅವರು ಕೊಟ್ಟ ಬಿಲ್ಲುಗಳನ್ನು ಕೂಡಿದರೆ 1,46,000 ಡಾಲರ್. ನಾನು ಕೊಂಡದ್ದು 82,000ಕ್ಕೆ. ನನಗೆ ಲಾಭ ನಿಜ, ಆದರೆ ನಾಳೆ ನಾನು ಮಾರಿದಾಗಲೂ ಇದೇ ಕಥೆ. ಒಬ್ಬರ ರುಚಿಗೆ ಮಾಡಿದ ಅಡುಗೆ ಇನ್ನೊಬ್ಬರಿಗೆ ಉಪ್ಪು ಜಾಸ್ತಿ. ಒಳಗೆ ಕೆಂಪು ಚರ್ಮದ ಸೀಟು ಇದೆ, ನನಗೆ ಈಗಲೂ ಇಷ್ಟ ಇಲ್ಲ.

ಅದಕ್ಕಿಂತ ದೊಡ್ಡ ತಲೆನೋವು ವೈರಿಂಗ್. ಕಳೆದ ಅಕ್ಟೋಬರ್‌ನಲ್ಲಿ ಮಳೆಯಲ್ಲಿ ಕಾರು ಸುಮ್ನೆ ನಿಂತುಬಿಟ್ಟಿತು. ಎಂಜಿನ್ನಿಗೆ ಪೆಟ್ರೋಲ್ ತಳ್ಳುವ ಪಂಪಿಗೆ ಕರೆಂಟ್ ಹೋಗುತ್ತಿರಲಿಲ್ಲ. ಯಾವ ತಂತಿ? ಯಾವ ರಿಲೇ, ಅಂದರೆ ಕರೆಂಟ್ ಬಿಡುವ ಸ್ವಿಚ್ಚು? ನಕ್ಷೆ ಇಲ್ಲ. ಮಾಡಿದ ವರ್ಕ್‌ಶಾಪಿಗೆ ಫೋನ್ ಮಾಡಿದರೆ, ವೈರಿಂಗ್ ಮಾಡಿದ ಹುಡುಗ ಕೆಲಸ ಬಿಟ್ಟಿದ್ದಾನೆ ಅಂದರು. ಕೊನೆಗೆ ಆ ರಿಲೇ ಸಿಕ್ಕಿದ್ದು ಕಾರ್ಪೆಟ್ ಕೆಳಗೆ, ಒದ್ದೆಯಾಗಿ. ಮೂರು ವಾರ ಹೋಯಿತು. ಯೆಂಕೋಗೆ ಹೀಗೆ ಆಗುವುದಿಲ್ಲ. ಶೆವರ್ಲೆಯ ಸರ್ವಿಸ್ ಮ್ಯಾನ್ಯುಯಲ್ ತೆಗೆದರೆ ಪ್ರತಿ ತಂತಿಯ ಬಣ್ಣವೂ ಅದರಲ್ಲಿದೆ. ಅಮೆರಿಕದ ಯಾವ ಮೂಲೆಯ ಹಳೇ ಮೆಕ್ಯಾನಿಕ್ ಆದರೂ ಅದನ್ನು ಬಿಚ್ಚಬಲ್ಲ.

ತಮಾಷೆ ಏನೆಂದರೆ, ಇವತ್ತು ನಾವು ಒರಿಜಿನಲ್ ಅಂತ ಪೂಜೆ ಮಾಡುವ ಈ ಡೀಲರ್ ಕಾರುಗಳೂ ಆಗಿನ ಕಾಲದ ಮಾಡಿಫಿಕೇಶನ್ನೇ. ಜನರಲ್ ಮೋಟಾರ್ಸ್ ಆಗ ಇಂಥ ಗಾತ್ರದ ಕಾರುಗಳಿಗೆ 400 ಕ್ಯೂಬಿಕ್ ಇಂಚಿಗಿಂತ ದೊಡ್ಡ ಎಂಜಿನ್ ಕೂಡದು ಅಂತ ಮಿತಿ ಹಾಕಿತ್ತು. 1967ರಲ್ಲಿ ಯೆಂಕೋ ಹುಡುಗರು ಹೊಚ್ಚ ಹೊಸ ಕಮಾರೋದ ಎಂಜಿನ್ ಕಿತ್ತು, 427 ಕೂರಿಸಿ ಮಾರಿದರು. ನನ್ನ ಕಾರಿಗೆ ಮಾಡಿದ್ದೂ ಅದನ್ನೇ ಅಲ್ವಾ? 1969ಕ್ಕೆ ಅವರು ಇನ್ನೊಂದು ದಾರಿ ಹಿಡಿದರು. ಪೊಲೀಸ್ ಕಾರು, ಟ್ಯಾಕ್ಸಿಗಳ ವಿಶೇಷ ಆರ್ಡರ್‌ಗೆ ಕೋಪೋ ಅಂತ ಒಂದು ಫಾರಂ ಇತ್ತು. ಅದರಲ್ಲಿ 9561 ಅಂತ ಬರೆದು ಕಾರ್ಖಾನೆಯಿಂದಲೇ 427 ಹಾಕಿಸಿಕೊಂಡರು. ಪಟ್ಟೆ, ಬ್ಯಾಡ್ಜು ಮಾತ್ರ ಇವರದು. ಆ ವರ್ಷ ಹೊರಬಂದ ಯೆಂಕೋ ಕಮಾರೋಗಳು ಸುಮಾರು 200.

ಇನ್ನೂ ಮಜಾ ಇರುವುದು ಅದೇ ಫಾರಂನ 9560ರದು. ಅಲ್ಯೂಮಿನಿಯಂ ಎಂಜಿನ್ನಿನ ಝಡ್‌ಎಲ್1 ಕಮಾರೋ, ತಯಾರಾದದ್ದು 69 ಮಾತ್ರ. ಇಲಿನಾಯ್‌ನ ಲಾ ಹಾರ್ಪ್‌ನ ಡೀಲರ್ ಫ್ರೆಡ್ ಗಿಬ್ 50 ಕಾರು ಬೇಕು ಅಂತ ಆರ್ಡರ್ ಕೊಟ್ಟರು. ಬೆಲೆ ನೋಡಿದರೆ 7,200 ಡಾಲರ್ ಮೇಲೆ! ಮಾಮೂಲಿ ವಿ8, ಅಂದರೆ ಎಂಟು ಸಿಲಿಂಡರಿನ, ಕಮಾರೋ ಆಗ ಸುಮಾರು 2,700. ಮಾರಲಾಗದೆ ಎಷ್ಟೋ ಕಾರು ವಾಪಸ್ ಹೋದವು. ಇವತ್ತು ಹರಾಜಿನಲ್ಲಿ ಅದೇ ಕಾರಿಗೆ ಲಕ್ಷಗಟ್ಟಲೆ ಡಾಲರ್.

ಯೆಂಕೋ ಬೆಲೆಯೂ ನಿಂತಿರುವುದು ಕಾಗದದ ಮೇಲೆ. ಕಾರಿನ ಚಾಸಿ ನಂಬರ್ 124379ಎನ್ ಅಂತ ಶುರುವಾಗುತ್ತದೆ. ಅದರಿಂದ ತಿಳಿಯುವುದು ಇಷ್ಟೇ: ವಿ8 ಇರುವ ಎರಡು ಬಾಗಿಲಿನ ಕಮಾರೋ, 1969, ಓಹಾಯೋದ ನಾರ್‌ವುಡ್ ಕಾರ್ಖಾನೆ. 427 ಅಂತ ಎಲ್ಲೂ ಇಲ್ಲ. ಎಂಜಿನ್ ಮೇಲಿನ ಎಂಎನ್ ಅನ್ನುವ ಅಚ್ಚು, ಆಕ್ಸಲ್ ಮೇಲಿನ ಬಿಇ, ಡೀಲರ್ ಕೊಟ್ಟ ಬಿಲ್ಲು, ಎಲ್ಲ ಹೊಂದಬೇಕು. ಪಟ್ಟೆ ಅಂಟಿಸಿ, ಅಚ್ಚು ಹೊಡೆದು ನಕಲಿ ಮಾಡುವವರು ಬೇಕಾದಷ್ಟು ಇದ್ದಾರೆ. ನಮ್ಮ ಬೀದಿಯವರು ಆ ಬಿಲ್ಲನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಕಾರಿನಿಂದ ದೂರ, ಮನೆಯ ಬೀರುವಿನಲ್ಲಿ ಇಟ್ಟಿದ್ದಾರೆ. ಕಾರು ಗ್ಯಾರೇಜಿನಲ್ಲಿದೆ, ಗ್ಯಾರೇಜಿಗೆ ಬೀಗ ಇಲ್ಲ.

ಕೊಳ್ಳುವವರು ಕೇಳಿದರೆ ನನ್ನ ಉತ್ತರ: ವಾರಕ್ಕೆರಡು ಸಲ ಓಡಿಸುವ ಆಸೆ ಇದ್ದರೆ ರೆಸ್ಟೋಮಾಡ್ ತಗೊಳ್ಳಿ, ಅದೂ ಸೆಕೆಂಡ್ ಹ್ಯಾಂಡ್. ಕೈಗೆ ವೈರಿಂಗ್ ನಕ್ಷೆ ಬಾರದೆ ದುಡ್ಡು ಕೊಡಬೇಡಿ. ನಿಜವಾದ ಡೀಲರ್ ಕಾರು ಸಿಕ್ಕಿ ಅದನ್ನು ಕತ್ತರಿಸಿ ಹೊಸ ಸಬ್‌ಫ್ರೇಮ್ ಹಾಕಿಸುತ್ತೇನೆ ಅನ್ನುವವರ ಜೊತೆ ನನಗೆ ಮಾತಿಲ್ಲ. ಕತ್ತರಿಸುವುದಕ್ಕೆ ಮಾಮೂಲಿ ಕಮಾರೋಗಳು ಸಾವಿರಾರು ಇವೆ.

ನನ್ನ ಕಾರು ಓಡಿಸಿ ಬಂದ ನಮ್ಮ ಬೀದಿಯ ಮೆಕ್ಯಾನಿಕ್ ಬ್ರೇಕ್ ಬಗ್ಗೆ ಒಳ್ಳೆ ಮಾತಾಡಿದರು. ಆಮೇಲೆ ಬಾನೆಟ್ ಎತ್ತಿ, ಪ್ಲಾಸ್ಟಿಕ್ ಮುಚ್ಚಳ ನೋಡಿ, “ಎಂಜಿನ್ ಎಲ್ಲಿ?” ಅಂದರು. ಅವರ ಫೈಲು ನೋಡಿ ಹೊಟ್ಟೆಕಿಚ್ಚಾಗಿ ನಾನೂ ಒಂದು ನೋಟ್‌ಬುಕ್ ಶುರು ಮಾಡಿದ್ದೇನೆ. ಪ್ರತಿ ಶನಿವಾರ ಒಂದೊಂದು ತಂತಿ ಹಿಡಿದು ಬರೆದುಕೊಳ್ಳುತ್ತೇನೆ. ಹದಿನಾಲ್ಕು ಪುಟ ಆಗಿದೆ. ವೈಪರಿನ ಹಸಿರು ತಂತಿ ಎಲ್ಲಿಗೆ ಹೋಗುತ್ತದೆ ಅಂತ ಇನ್ನೂ ಸಿಕ್ಕಿಲ್ಲ.