ಹಿಮ್ಮಡಿ ನೋವಿಗೆ ರೆಡಿಮೇಡ್ ಇನ್ಸೋಲ್ ಸಾಕಾ, ಅಳತೆ ಕೊಟ್ಟು ಮಾಡಿಸಬೇಕಾ?

ಬೆಳಗ್ಗೆ ಮಂಚದಿಂದ ಇಳಿದು ಕಾಲೂರಿದ ಕೂಡಲೇ ಹಿಮ್ಮಡಿಗೆ ಮೊಳೆ ಚುಚ್ಚಿದ ಹಾಗೆ ನೋವು, ನಾಲ್ಕು ಹೆಜ್ಜೆ ಹಾಕಿದ ಮೇಲೆ ಸ್ವಲ್ಪ ಕಡಿಮೆ ಅಂತೀರಿ. ಹೆಚ್ಚಾಗಿ ಇದು ಪ್ಲಾಂಟರ್ ಫ್ಯಾಸಿಯೈಟಿಸ್. ಹಿಮ್ಮಡಿ ಮೂಳೆಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನಲ್ಲಿ ಹಾದುಹೋಗುವ ಗಟ್ಟಿ ಪಟ್ಟಿಯ ತೊಂದರೆ.

ಇನ್ಸೋಲ್ ಅಂದರೆ ಶೂ ಒಳಗೆ ಪಾದದ ಕೆಳಗೆ ಇಡುವ ಪದರ. ಖರ್ಚಿನಲ್ಲಿ ಅಳತೆ ಕೊಟ್ಟು ಮಾಡಿಸಿದ್ದಕ್ಕಿಂತ ರೆಡಿಮೇಡ್ ಎಷ್ಟೋ ಅಗ್ಗ, ಇವತ್ತೇ ತಂದು ಹಾಕಿಕೊಳ್ಳಬಹುದು. ಬರೀ ಹಿಮ್ಮಡಿ ನೋವಿಗೆ ಇವೆರಡನ್ನೂ ಹೋಲಿಸಿದ ಅಧ್ಯಯನಗಳಲ್ಲಿ ದೊಡ್ಡ ವ್ಯತ್ಯಾಸವೇನೂ ಕಂಡಿಲ್ಲ, ಹಾಗಾಗಿ ಸುಮ್ನೆ ಮೊದಲೇ ದುಬಾರಿಯದಕ್ಕೆ ಕೈ ಹಾಕಬೇಡಿ ಅಂತೀನಿ. ಕೊಳ್ಳುವಾಗ ಮಾತ್ರ ಮಧ್ಯಕ್ಕೆ ಹಿಡಿದು ಬಗ್ಗಿಸಿ ನೋಡಿ. ಬಟ್ಟೆಯ ಹಾಗೆ ಮಡಚಿಕೊಂಡರೆ ಅದು ಬರೀ ಮೆತ್ತೆ, ಪಾದದ ಕಮಾನಿಗೆ ಆಸರೆ ಕೊಡಲ್ಲ.

ಬಾಳಿಕೆಯಲ್ಲಿ ಲೆಕ್ಕ ತಿರುಗುತ್ತದೆ. ರೆಡಿಮೇಡಿನ ಫೋಮ್ ಕೆಲವೇ ತಿಂಗಳಲ್ಲಿ ಚಪ್ಪಟೆಯಾಗುತ್ತದೆ. ನಿಮ್ಮ ಪಾದದ ಅಚ್ಚು ತೆಗೆದು ಮಾಡಿದ ಗಟ್ಟಿ ಪ್ಲಾಸ್ಟಿಕ್ಕಿನದು ವರ್ಷಗಟ್ಟಲೆ ಬರುತ್ತದೆ, ಆದರೆ ಶುರುವಿನಲ್ಲಿ ಒತ್ತುತ್ತದೆ, ದಿನಕ್ಕೆ ಒಂದೆರಡು ಗಂಟೆ ಹಾಕಿ ಅಭ್ಯಾಸ ಮಾಡಿಕೊಳ್ಳಬೇಕು. ಕಿರಿದಾದ ಶೂಗಳಲ್ಲಂತೂ ಕೂರುವುದೇ ಇಲ್ಲ.

ಕಮಾನು ತುಂಬಾ ಎತ್ತರವಾಗಿದ್ದರೆ, ಎರಡು ಪಾದ ಎರಡು ಥರ ಇದ್ದರೆ, ರೆಡಿಮೇಡ್ ಹಾಕಿ ಎರಡು ಮೂರು ತಿಂಗಳಾದರೂ ನೋವು ಹಾಗೇ ಇದ್ದರೆ ಪೋಡಿಯಾಟ್ರಿಸ್ಟ್ (ಪಾದದ ತಜ್ಞರು) ಹತ್ತಿರ ಅಳತೆ ಕೊಡುವುದು ಸರಿ. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರು ಮಾತ್ರ ಯಾವುದನ್ನೂ ತಾವೇ ಪ್ರಯೋಗ ಮಾಡಬಾರದು. ಉಜ್ಜಿ ಗಾಯವಾದರೂ ಗೊತ್ತಾಗಲ್ಲ ಅಲ್ವಾ?

ಯಾವುದೇ ಕೊಂಡರೂ ಮಂಚದಿಂದ ಇಳಿಯುವ ಮುಂಚೆ ಕಾಲ್ಬೆರಳುಗಳನ್ನು ಕೈಯಲ್ಲಿ ಹಿಡಿದು ನಿಮ್ಮ ಕಡೆಗೆ ಎಳೆದು ಹತ್ತು ಎಣಿಸಿ, ನಾಲ್ಕೈದು ಸಲ. ಇದಕ್ಕೆ ದುಡ್ಡೂ ಬೇಡ.