ವರ್ನಿಯರ್ ಸೊನ್ನೆ ತೋರಿಸಿತು ಅಂತ ನಂಬಿ ಕೆಟ್ಟೆ

ತೀರ್ಥಹಳ್ಳಿಯಿಂದ ಭಾವ ಫೋನ್ ಮಾಡಿದಾಗ ರಾತ್ರಿ ಒಂಬತ್ತಾಗಿತ್ತು. "ಬೇರಿಂಗು ಬ್ಲಾಕಿನೊಳಗೆ ಕುಣೀತಾ ಇದೆ ಮಾರಾಯ. ಎಂಥ ಅಳತೆ ತಗೊಂಡೆ ನೀನು?"

ಅವರ ಅಡಿಕೆ ಸುಲಿಯುವ ಮಷಿನ್ನಿಗೆ ನಾಲ್ಕು ಬೇರಿಂಗ್ ಬ್ಲಾಕ್ (ಬೇರಿಂಗ್ ಕೂರುವ ತೂತಿರೋ ಲೋಹದ ತುಂಡು) ನಾನೇ ಮಾಡಿಕೊಟ್ಟಿದ್ದೆ. ಬೆಂಗಳೂರಿನ ನಮ್ಮ ಮನೆಯ ಕಾರ್ ಶೆಡ್ಡಿನಲ್ಲಿ ಕಾರಿಲ್ಲ, ಒಂದು ಸಣ್ಣ ಮಿಲ್ಲಿಂಗ್ ಮಷಿನ್ ಇದೆ. ಬೇರಿಂಗ್ 6202, ಹೊರಗಿನ ವ್ಯಾಸ 35 ಮಿ.ಮೀ. ಬ್ಲಾಕಿನ ತೂತು 35ಕ್ಕಿಂತ ಕಡಿಮೆ ಆಗಬಾರದು, 35.025 ದಾಟಬಾರದು; ಈ ಮಿತಿಗೇ ಟಾಲರೆನ್ಸ್ ಅನ್ನೋದು. ತೂತು ಹಿಗ್ಗಿಸುವ ಬೋರಿಂಗ್ ಹೆಡ್ ಹಾಕಿ ಸ್ವಲ್ಪ ಸ್ವಲ್ಪವೇ ತೆಗೆದೆ. ಡಿಜಿಟಲ್ ವರ್ನಿಯರ್ (ಜಾ ಅನ್ನುವ ದವಡೆಗಳಿಂದ ಅಳೆಯುವ ಸಾಧನ) ನಾಲ್ಕರಲ್ಲೂ 35.01 ತೋರಿಸಿತು. ಖುಷಿಯಾಯಿತು, ಬಸ್ಸಿಗೆ ಹಾಕಿ ಕಳಿಸಿದೆ.

ಬೇರಿಂಗ್ ಊರಿನಲ್ಲಿತ್ತು. ಇಲ್ಲೇ ಒಂದು ಕೊಂಡು ತಂದು ಕೂರಿಸಿ ನೋಡಬಹುದಿತ್ತು. ವರ್ನಿಯರ್ ಇದೆಯಲ್ಲ, ಸುಮ್ನೆ ಯಾಕೆ ಖರ್ಚು ಅಂತ ಬಿಟ್ಟೆ.

ವಾಪಸ್ ಬಂದ ಬ್ಲಾಕು, ಬೇರಿಂಗು ಎರಡನ್ನೂ ತಗೊಂಡು ಪಕ್ಕದ ಬೀದಿಯ ಹಿರಿಯರೊಬ್ಬರ ಮನೆಗೆ ಹೋದೆ. ಟೂಲ್‌ರೂಮಿನಲ್ಲಿ ಜೀವನವೆಲ್ಲ ಕಳೆದು ನಿವೃತ್ತರಾದವರು. ತೂತು ಅಳೆಯುವ ಬೋರ್ ಗೇಜ್ ಇಳಿಸಿ ನೋಡಿದರು. ತೂತು 35.07. "ಇಷ್ಟು ಸಣ್ಣ ಟಾಲರೆನ್ಸ್ ಇರೋ ತೂತನ್ನ ವರ್ನಿಯರಲ್ಲಿ ಅಳೀತಾರೇನಪ್ಪಾ?" ಅಂದರು. ಡಿಸ್‌ಪ್ಲೇ 0.01ರ ತನಕ ತೋರಿಸುತ್ತೆ, ನಿಜ. ಆದರೆ ಒಳ್ಳೆ ಕಂಪನಿಯ ವರ್ನಿಯರೇ 0.02 ಆಚೆ ಈಚೆ ಆಗಬಹುದು ಅಂತ ಮೊದಲೇ ಹೇಳಿರುತ್ತೆ. ನನ್ನದು 0.06 ತಪ್ಪಿತ್ತು.

ನಾನು ವಾದ ಮಾಡಿದೆ. "ಜಾ ಮುಚ್ಚಿದರೆ ಸೊನ್ನೆ ಸರಿಯಾಗೇ ಬರುತ್ತೆ ಸಾರ್, ಪ್ರತಿ ಸಲ ನೋಡ್ತೀನಿ."

ಅವರು ಮಾತಾಡಲಿಲ್ಲ. ಭಾವ ಕಳಿಸಿದ್ದ ಬೇರಿಂಗನ್ನೇ ಬಟ್ಟೆಯಲ್ಲಿ ಒರೆಸಿ, ವರ್ನಿಯರಿನ ದೊಡ್ಡ ಜಾ ನಡುವೆ ಹಿಡಿದರು. 34.99. ಸರಿಯಾಗೇ ಇದೆ. ಆಮೇಲೆ ಮೇಲಿನ ಸಣ್ಣ ಜಾಗಳನ್ನು ಬೇರಿಂಗಿನ ಒಳಗಿನ ತೂತಿಗೆ ಇಳಿಸಿದರು. 15.00 ಬರಬೇಕು. ಬಂದಿದ್ದು 14.94. ಮತ್ತೆ ಅಳೆದರು, 14.94. ತಿರುಗಿಸಿ ಅಳೆದರು, ಅಷ್ಟೇ.

ಸೊನ್ನೆ ನೋಡುವಾಗ ಪರೀಕ್ಷೆ ಆಗುವುದು ದೊಡ್ಡ ಜಾ ಮಾತ್ರ. ತೂತು ಅಳೆಯುವ ಸಣ್ಣ ಜಾ ಫ್ಯಾಕ್ಟರಿಯಲ್ಲೇ ಸೊಟ್ಟ ಕೂತಿದ್ದರೂ ಸೊನ್ನೆ ಚೆನ್ನಾಗೇ ಬರುತ್ತೆ. ಎರಡು ವರ್ಷ ಇದು ನನಗೆ ಹೊಳೆದೇ ಇರಲಿಲ್ಲ.

ಆ ವರ್ನಿಯರ್ ಕೊಂಡಿದ್ದು ಆನ್‌ಲೈನಿನಲ್ಲಿ. ಡಬ್ಬಿ ಮೇಲೆ ಹೆಸರಾಂತ ಕಂಪನಿಯ ಹೆಸರು, ಒಳಗೆ ಕ್ಯಾಲಿಬ್ರೇಷನ್ ಸರ್ಟಿಫಿಕೇಟು. ಹಿರಿಯರು ಕನ್ನಡಕ ಹಾಕಿಕೊಂಡು ಸರ್ಟಿಫಿಕೇಟಿನ ಸೀರಿಯಲ್ ನಂಬರ್ ಓದಿದರು, ವರ್ನಿಯರಿನ ಬೆನ್ನ ಮೇಲಿದ್ದದ್ದನ್ನೂ ಓದಿದರು. ಎರಡಕ್ಕೂ ಸಂಬಂಧವೇ ಇಲ್ಲ. ನೀವೂ ಕೊಂಡ ದಿನವೇ ಇದನ್ನು ನೋಡಿಬಿಡಿ, ವಾಪಸ್ ಮಾಡುವ ಗಡುವು ಮುಗಿಯುವ ಮುಂಚೆ. ನಾನು ಆ ಕಾಗದವನ್ನು ಮಡಿಸಿ ಜೋಪಾನವಾಗಿ ಇಟ್ಟುಕೊಂಡಿದ್ದೆ!

ಸ್ಲಿಪ್ ಗೇಜ್ ಸೆಟ್ (ಕರಾರುವಾಕ್ಕಾದ ಅಳತೆಯ ತುಂಡುಗಳು) ಇಲ್ಲದಿದ್ದರೆ ಬೇರಿಂಗ್ ಒಳ್ಳೆ ಸಾಕ್ಷಿ. 6202ರ ಹೊರ ವ್ಯಾಸ 35ಕ್ಕಿಂತ ಹೆಚ್ಚೆಂದರೆ 11 ಮೈಕ್ರಾನ್ (0.011 ಮಿ.ಮೀ.) ಕಡಿಮೆ ಇರಬಹುದು, ಒಳ ತೂತು 15ಕ್ಕಿಂತ 8 ಮೈಕ್ರಾನ್. ಆದರೆ ಬೇರಿಂಗಿನ ಅಗಲವನ್ನು ನಂಬಬೇಡಿ, ಅದರಲ್ಲಿ 0.12 ಮಿ.ಮೀ. ತನಕ ಕಡಿಮೆ ಇದ್ದರೂ ಸರಿ ಅಂತಲೇ ಲೆಕ್ಕ. ಹೊಸ ಬೇರಿಂಗೇ ಇರಲಿ, ಸವೆದದ್ದು ಬೇಡ.

ಅಲ್ಲಿಗೆ ನನಗೆ ಅನುಮಾನದ ಹುಚ್ಚು ಹತ್ತಿತು. ಅವರ ಸ್ಲಿಪ್ ಗೇಜ್ ಸೆಟ್ ಬೇಡಿ ತಂದು ಎಲ್ಲವನ್ನೂ ನೋಡಿದೆ. ಮೈಕ್ರೋಮೀಟರ್ ಪಾಸಾಯಿತು. ಲಿವರ್ ಡಯಲನ್ನು (ಕಡ್ಡಿ ಅಲುಗಿದಷ್ಟನ್ನು ಮುಳ್ಳಿನಲ್ಲಿ ತೋರಿಸುವ ಸಾಧನ) ಮಷಿನ್ನಿನ ಸ್ಪಿಂಡಲ್ಲಿಗೆ ಕಟ್ಟಿ 1.00 ಮತ್ತು 1.20ರ ಸ್ಲಿಪ್ಪುಗಳ ಮೇಲೆ ಇಟ್ಟರೆ ವ್ಯತ್ಯಾಸ 0.20ರ ಬದಲು 0.23 ಬಂತು. ಇದು ಡಯಲಿನ ತಪ್ಪಲ್ಲ, ನನ್ನದು. ಅದರ ಕಡ್ಡಿಯನ್ನು 30 ಡಿಗ್ರಿ ಇಳಿಜಾರಾಗಿ ಇಟ್ಟಿದ್ದೆ. ಮೇಲ್ಮೈಗೆ ಆದಷ್ಟು ಸಮಾನಾಂತರ ಮಾಡಿದ ಮೇಲೆ 0.20 ಬಂತು. ಇಷ್ಟು ದಿನ ತುಂಡನ್ನು ಹಿಡಿಯುವ ವೈಸ್ ಸೊಟ್ಟ ಇದೆ ಅಂತ ಅದನ್ನು ಬೈದದ್ದೆಲ್ಲ ಸುಳ್ಳೇನೋ! ಮಷಿನ್ನಿನ ಹ್ಯಾಂಡಲ್ಲಿನಲ್ಲಿ ದಿಕ್ಕು ಬದಲಿಸಿದಾಗ ಖಾಲಿ ತಿರುಗುವ ಸಡಿಲ, ಅಂದರೆ 0.18 ಬ್ಯಾಕ್‌ಲ್ಯಾಶ್ ಇತ್ತು. ಯಾವಾಗಲೂ ಒಂದೇ ದಿಕ್ಕಿನಿಂದ ಬಂದು ನಿಲ್ಲಿಸಿದರೆ ಅದು ದೊಡ್ಡ ತಲೆನೋವಲ್ಲ.

ಕಟಿಂಗ್ ಮುಗಿದ ಬಿಸಿಯಲ್ಲೇ ಅಳೆಯುವ ಅಭ್ಯಾಸವೂ ಬಿಟ್ಟೆ. ಅಲ್ಯೂಮಿನಿಯಂ ಮಾಮೂಲಿಗಿಂತ 20 ಡಿಗ್ರಿ ಹೆಚ್ಚು ಬಿಸಿ ಇದ್ದರೆ 35ರ ತೂತು 0.016 ದೊಡ್ಡದಾಗಿರುತ್ತೆ. ನಮಗೆ ಇರುವ ಟಾಲರೆನ್ಸೇ 0.025. ಈಗ ಒಂದು ಕಾಫಿ ಕುಡಿದು ಬಂದು ಅಳೆಯುತ್ತೇನೆ.

ಭಾವ ಶಿವಮೊಗ್ಗದಲ್ಲಿ ರೆಡಿ ಬ್ಲಾಕ್ ಕೊಂಡು ಹಾಕಿಕೊಂಡರು. ಅವರ ಬೇರಿಂಗ್ ಮಾತ್ರ ಇನ್ನೂ ವಾಪಸ್ ಕೊಟ್ಟಿಲ್ಲ, ಮಷಿನ್ ಪಕ್ಕದ ಮೊಳೆಗೆ ತೂಗುಹಾಕಿದ್ದೇನೆ. ಅವರೂ ಕೇಳಿಲ್ಲ.