ಹಾರ್ಡ್‌ವೇರ್ ಕಂಪನಿಗೆ ಬೆಂಗಳೂರೋ, ಮೈಸೂರೋ, ಹುಬ್ಬಳ್ಳಿ-ಧಾರವಾಡವೋ?

ಮೊದಲ ಮಾದರಿ ಇನ್ನೂ ಕೈಗೆ ಬಂದಿಲ್ಲವೆಂದರೆ ಬಾಡಿಗೆ ಎಷ್ಟೇ ಇರಲಿ, ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಹತ್ತಿರವೇ ಇರಿ. ಅಲ್ಯೂಮಿನಿಯಂ ಪೆಟ್ಟಿಗೆಗೆ 25 ಮೈಕ್ರಾನ್ ಹಾರ್ಡ್ ಅನೋಡೈಸಿಂಗ್ (ವಿದ್ಯುತ್ತಿನಿಂದ ಮೇಲ್ಮೈಯಲ್ಲಿ ಬೆಳೆಸುವ ಗಟ್ಟಿ ಆಕ್ಸೈಡ್ ಪದರ) ಮಾಡಿಸಿದರೆ ಪ್ರತಿ ಮೈ ಸುಮಾರು 12 ಮೈಕ್ರಾನ್ ಉಬ್ಬುತ್ತದೆ. ಬಿಗಿ ಅಳತೆಯ ಮುಚ್ಚಳ ಕೂರುವುದೇ ಇಲ್ಲ. ಲೋಹ ಕತ್ತರಿಸಿ ರೂಪ ಕೊಡುವ ಮಿಲ್ಲಿಂಗ್‌ನವರೂ ಲೇಪನದವರೂ ಆಸುಪಾಸಿನಲ್ಲೇ ಇದ್ದರೆ ತಪ್ಪು ಬೇಗ ಸರಿಹೋಗುತ್ತದೆ. ಈ ಕೈಚಳಕ ತಾನಾಗಿ ಹುಟ್ಟಿದ್ದಲ್ಲ: 1940ರ ವಿಮಾನ ಕಾರ್ಖಾನೆ ಎಚ್‌ಎಎಲ್, 1954ರ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ಬಿಇಎಲ್ ದಶಕಗಳ ಕಾಲ ನುರಿತ ಕೆಲಸಗಾರರನ್ನು, ಬಿಡಿಭಾಗ ಪೂರೈಕೆದಾರರನ್ನು ಬೆಳೆಸಿದವು. 1909ರ ಭಾರತೀಯ ವಿಜ್ಞಾನ ಸಂಸ್ಥೆಯೂ ಇದೇ ಊರಿನಲ್ಲಿದೆ. ಕಷ್ಟವೆಂದರೆ, ನೀವು ತರಬೇತಿ ಕೊಟ್ಟ ಎಂಜಿನಿಯರನ್ನು ದೊಡ್ಡ ಕಂಪನಿ ಸೆಳೆದುಕೊಳ್ಳುತ್ತದೆ.

ವಿನ್ಯಾಸ ಗಟ್ಟಿಯಾಗಿ, ತಿಂಗಳಿಗೆ ನೂರಾರು ಜೋಡಿಸುವ ಹಂತಕ್ಕೆ ಮೈಸೂರು ಒಳ್ಳೆಯದು. ಬೆಂಗಳೂರು ಸುಮಾರು 145 ಕಿ.ಮೀ., ಒಂದೇ ದಿನದಲ್ಲಿ ಹೋಗಿಬರಬಹುದು. ಆಹಾರ ಯಂತ್ರ ಮಾಡುವವರಿಗಂತೂ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ (ಸಿಎಫ್‌ಟಿಆರ್‌ಐ) ಅಲ್ಲೇ ಇರುವುದು ದೊಡ್ಡ ಬಲ.

ಕೃಷಿ ಉಪಕರಣವಾದರೆ ಹುಬ್ಬಳ್ಳಿ-ಧಾರವಾಡ. ಕೃಷಿ ವಿಶ್ವವಿದ್ಯಾಲಯ, 2016ರ ಐಐಟಿ, ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ ಮೂರೂ ಹತ್ತಿರ. ಪರೀಕ್ಷೆಗೆ ಹೊಲವೂ ಪಕ್ಕದಲ್ಲೇ. ವಿಶೇಷ ಚಿಪ್‌ಗಳು ಮಾತ್ರ ಹೊರಗಿನಿಂದ ಬರಬೇಕು, ಎರಡು ತಿಂಗಳ ದಾಸ್ತಾನಿಗೆ ಹಣ ಎತ್ತಿಡಿ.